ಎಡಗೈ ಹುಡುಗನಿಗೆ ಎಷ್ಟು ಪಿಚ್?

ಗುಂಪು: ಮೆಕ್ಯಾನಿಕಲ್ ಬ್ಯಾಚ್ – ಬೇಸ್‌ಬಾಲ್ ಮಂಡಳಿ (ಔಟ್ ಆಫ್ ದಿ ಪಾರ್ಕ್ ಅನ್ನೋ ಕಂಪ್ಯೂಟರ್ ಬೇಸ್‌ಬಾಲ್ ಆಟದಲ್ಲಿ ಗೆಳೆಯರು ಸೇರಿ ನಡೆಸೋ ತಂಡ)

ಪ್ರಸನ್ನ: (ಫಾರ್ವರ್ಡ್ ಚಿತ್ರ) ‘23 ತುಂಬದ ಪಿಚರ್‌ಗೆ (ಚೆಂಡು ಎಸೆಯುವವನಿಗೆ) ವರ್ಷಕ್ಕೆ 100 ಇನಿಂಗ್ಸ್ ಮಾತ್ರ. ಮುಂದಿನ ವರ್ಷ 30ಕ್ಕಿಂತ ಜಾಸ್ತಿ ಏರಿಸಬೇಡಿ. ಮೀರಿದರೆ ಟಾಮಿ ಜಾನ್ ಸರ್ಜರಿ (ಮೊಣಕೈಯ ಶಸ್ತ್ರಚಿಕಿತ್ಸೆ) ಗ್ಯಾರಂಟಿ!!’

ಪ್ರಸನ್ನ: ನೋಡ್ರಪ್ಪ. ನಮ್ಮ ಎಡಗೈ ಹುಡುಗನಿಗೆ 20 ವರ್ಷ, ಈಗಾಗಲೇ 96 ಇನಿಂಗ್ಸ್ (ಒಂದಕ್ಕೆ ಮೂರು ಔಟ್) ಆಗಿದೆ, ಜುಲೈ ಇನ್ನೂ ಮುಗಿದಿಲ್ಲ. ಭಾನುವಾರದ ಸಿಮ್‌ಗೆ (ಕಂಪ್ಯೂಟರ್ ಪಂದ್ಯಗಳನ್ನ ಓಡಿಸೋದಕ್ಕೆ) ಮುಂಚೆ ಅವನನ್ನ ಕೂರಿಸಿಬಿಡೋಣ.

ಗಿರೀಶ: ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದಂಗಾಯ್ತು. ಈ 30ರ ಲೆಕ್ಕ ಎಲ್ಲಿಂದ ಬಂತು ಗೊತ್ತಾ? ಟಾಮ್ ವರ್ದುಚಿ ಅನ್ನೋ ಕ್ರೀಡಾ ಪತ್ರಕರ್ತರದು. ಆಮೇಲೆ ಅಂಕಿಅಂಶ ಹಿಡ್ಕೊಂಡು ಪರೀಕ್ಷೆ ಮಾಡಿದವರಿಗೆ ಅದರಲ್ಲಿ ಹುರುಳು ಕಾಣಲಿಲ್ಲ. ‘ಗ್ಯಾರಂಟಿ’ ಅನ್ನೋದು ಫಾರ್ವರ್ಡ್ ಮಾಡಿದವರ ಕೊಡುಗೆ.

ಪ್ರಸನ್ನ: ಹಾಗಾದ್ರೆ ಕೆರ್ರಿ ವುಡ್? 1998ರಲ್ಲಿ, 20ನೇ ವಯಸ್ಸಿಗೆ, ಒಂದೇ ಆಟದಲ್ಲಿ 20 ಸ್ಟ್ರೈಕ್‌ಔಟ್, 122 ಪಿಚ್ (ಎಸೆತ). ಮರುವರ್ಷ ಪೂರ್ತಿ ಮೈದಾನಕ್ಕೇ ಇಳಿಲಿಲ್ಲ. ಮಾರ್ಕ್ ಪ್ರಯರ್ 2003ರಲ್ಲಿ 211 ಇನಿಂಗ್ಸ್ ಎಸೆದ, ಆಮೇಲೆ ಏನಾಯ್ತು?

ಗಿರೀಶ: ಸರಿ, ಕ್ರಿಸ್ ಮೆಡ್ಲೆನ್ ತಗೋ. ಮೊದಲ ಟಾಮಿ ಜಾನ್ ಆದ್ಮೇಲೆ 2012ರಲ್ಲಿ ಅಟ್ಲಾಂಟಾದವರು ಎಷ್ಟು ಹುಷಾರಾಗಿ ಇಟ್ಕೊಂಡ್ರು! ಜುಲೈ ಕೊನೆವರೆಗೂ ಬುಲ್‌ಪೆನ್ (ಆಟದ ನಡುವೆ ಇಳಿಯೋ ಪಿಚರ್‌ಗಳ ಗುಂಪು), ಆಮೇಲೆ 12 ಸ್ಟಾರ್ಟ್ (ಮೊದಲ ಎಸೆತದಿಂದ ಆಡಿದ್ದು), ಒಟ್ಟು 138 ಇನಿಂಗ್ಸ್. ಆದ್ರೂ 2014ರಲ್ಲಿ ಅದೇ ಮೊಣಕೈಗೆ ಎರಡನೇ ಸರ್ಜರಿ. ಬೇಕಾದ ಉದಾಹರಣೆ ಹೆಕ್ಕಿ ಕೊಡೋದು ನನಗೂ ಬರುತ್ತೆ.

ವಿದ್ಯಾ: ಇಬ್ಬರೂ ನಿಜದ ಬೇಸ್‌ಬಾಲ್ ಬಿಟ್ಟು ಔಟ್ ಆಫ್ ದಿ ಪಾರ್ಕ್‌ಗೆ ಬನ್ನಿ. ಇಲ್ಲಿ ಕಣ್ಣಿಗೆ ಕಾಣೋ ಅಪಾಯ ಸುಸ್ತು. ಸುಸ್ತಾದ ಕೈಯಲ್ಲಿ ಎಸೆಸಿದ್ರೆ ಆಟ ಕೆಡುತ್ತೆ, ಗಾಯದ ಸಾಧ್ಯತೆಯೂ ಏರುತ್ತೆ. ಅದರ ಮೇಲೆ ಅವನ ಇಂಜುರಿ ರೇಟಿಂಗ್: ಡ್ಯೂರಬಲ್, ನಾರ್ಮಲ್, ಫ್ರಜೈಲ್, ರೆಕ್ಡ್ ಇತ್ಯಾದಿ, ಗಟ್ಟಿಯಿಂದ ದುರ್ಬಲದ ಕಡೆಗೆ. ನಮ್ಮ ಹುಡುಗ ಫ್ರಜೈಲ್. 96 ಅನ್ನೋದಕ್ಕಿಂತ ಆ ಒಂದು ಪದ ನನಗೆ ಜಾಸ್ತಿ ಹೆದರಿಕೆ ತರುತ್ತೆ.

ಪ್ರಸನ್ನ: ಫ್ರಜೈಲ್ ಅಂದ್ಮೇಲೆ ಕೂರಿಸೋದೇ ಸರಿ ಅಲ್ವೇನೇ?

ವಿದ್ಯಾ: ಕೂರಿಸಿದ್ರೆ ಬೆಳೆಯೋದು ಹೇಗೋ? ಸ್ಟಫ್ (ಎಸೆತದ ಮೊನಚು) 60 ಇದೆ, ಕಂಟ್ರೋಲ್ (ಗುರಿ) 35. ಆ 35 ಮೇಲೇಳಬೇಕಾದ್ರೆ ಆಟ ಬೇಕು. ಆರು ವಾರ ರಿಸರ್ವ್‌ನಲ್ಲಿಟ್ಟರೆ ಕೈ ಉಳಿಯಬಹುದು, ಒಂದು ಸೀಸನ್‌ನ ಬೆಳವಣಿಗೆ ಹೋಗುತ್ತೆ. ಆಟವಾಡಿಸಿದ್ರೂ ಬೆಳವಣಿಗೆಯಲ್ಲಿ ಅದೃಷ್ಟದ ಪಾಲು ದೊಡ್ಡದು, ಅದು ಬೇರೆ ಮಾತು.

ಶ್ರೀಧರ: ಇಲ್ಲಿ ಸಿಯಾಟಲ್‌ನಲ್ಲಿ ರಾತ್ರಿ ಒಂದು ಗಂಟೆ ಮಾರಾಯ್ರೇ, ಆದ್ರೂ ಹೇಳಿಯೇ ಮಲಗ್ತೇನೆ. ಇನಿಂಗ್ಸ್ ಎಣಿಸೋದೇ ತಪ್ಪು. ಅವನ ಕೊನೆಯ ಎರಡು ಸ್ಟಾರ್ಟ್ ನೋಡಿ. ಒಂದರಲ್ಲಿ 6 ಇನಿಂಗ್ಸ್, 79 ಪಿಚ್. ಇನ್ನೊಂದರಲ್ಲಿ 4 ಇನಿಂಗ್ಸ್, 6 ವಾಕ್ (ಗುರಿ ತಪ್ಪಿ ಬ್ಯಾಟರ್‌ಗೆ ಬಿಟ್ಟಿ ಕೊಟ್ಟ ಬೇಸ್), 88 ಪಿಚ್. ಪ್ರಸನ್ನನ ಪಟ್ಟಿಯಲ್ಲಿ ಎರಡನೆಯದು ಹಗುರ ಕೆಲಸ! ನಿಜಕ್ಕೂ ಅವನು ಬಳಲಿದ್ದು ಅಲ್ಲೇ. ಕಂಟ್ರೋಲ್ ಇಲ್ಲದವನಿಗೆ ಒಂದು ಇನಿಂಗ್ಸ್‌ಗೆ 22 ಪಿಚ್ ಹೋಗ್ತದೆ.

ಗಿರೀಶ: ಅದೇ ನಾನು ಹೇಳ್ತಿರೋದು. ಸುಮ್ನೆ ಬಿಡಿ, ಆಡ್ಲಿ.

ಶ್ರೀಧರ: ಸುಮ್ನೆ ಬಿಡಿ ಅಂತ ನಾನೆಲ್ಲಿ ಹೇಳಿದೆ? ಗ್ಯಾರೆಟ್ ಕ್ರೋಶೆ 2024ರಲ್ಲಿ ಶಿಕಾಗೋಗೆ ಆಡಿದ್ದು ನೆನಪಿದೆಯಾ? ಹಿಂದಿನ ವರ್ಷ ಮೇಜರ್ಸ್‌ನಲ್ಲಿ 12 ಚಿಲ್ಲರೆ ಇನಿಂಗ್ಸ್ ಅಷ್ಟೇ. ಆ ವರ್ಷ 32 ಸ್ಟಾರ್ಟ್, ಆದ್ರೆ ಒಟ್ಟು 146 ಇನಿಂಗ್ಸ್. ಸೀಸನ್‌ನ ದ್ವಿತೀಯಾರ್ಧದಲ್ಲಿ ಅವನ ಸರದಿ ತಪ್ಪಿಸಲಿಲ್ಲ, ಒಂದೊಂದು ಸಲಕ್ಕೆ ಎಸೆಯೋದನ್ನ ಗಿಡ್ಡ ಮಾಡಿದ್ರು. ಮರುವರ್ಷ ಬಾಸ್ಟನ್‌ನಲ್ಲಿ 200 ದಾಟಿದ.

ಪ್ರಸನ್ನ: ವಾಷಿಂಗ್ಟನ್‌ನ ಪಿಚರ್ ಸ್ಟ್ರಾಸ್‌ಬರ್ಗ್‌ನ ಮಾತ್ರ ಯಾರೂ ಎತ್ತಲ್ಲ ಯಾಕೆ? 2012, 159 ಇನಿಂಗ್ಸ್ ಆದ್ಮೇಲೆ ನಿಲ್ಲಿಸಿದ್ರು. 2019ರಲ್ಲಿ ವರ್ಲ್ಡ್ ಸೀರೀಸ್‌ನ ಎಂವಿಪಿ (ಸರಣಿಶ್ರೇಷ್ಠ) ಆದ.

ಗಿರೀಶ: ನಿಲ್ಲಿಸಿದ್ದು ಸೆಪ್ಟೆಂಬರ್ ಮೊದಲ ವಾರ! 98 ಪಂದ್ಯ ಗೆದ್ದ ತಂಡ ತನ್ನ ಏಸ್‌ನ ಬೆಂಚಲ್ಲಿ ಕೂರಿಸ್ಕೊಂಡು ಪ್ಲೇಆಫ್‌ನ ಮೊದಲ ಸರಣಿಯಲ್ಲೇ ಕಾರ್ಡಿನಲ್ಸ್ ಕೈಲಿ ಸೋತು ಮನೆಗೆ ಹೋಯ್ತು. 160 ಕೊಡೋದು ಅಂತ ಮೊದಲೇ ಗೊತ್ತಿದ್ರೆ ಏಪ್ರಿಲ್‌ನಲ್ಲೇ ಕಮ್ಮಿ ಎಸೆಸಬೇಕಿತ್ತು.

ವಿದ್ಯಾ: ಈ ಮಾತು ಒಪ್ತೀನಿ. ಮಿತಿ ಇಡೋದಾದ್ರೆ ಸೀಸನ್ ಶುರುವಲ್ಲೇ ಹಂಚಬೇಕು. ನಮ್ಮ ಹುಡುಗ ಆಡೋ ಹೈ-ಎ (ಮೇಜರ್ಸ್‌ಗಿಂತ ಕೆಳಹಂತದ) ಲೀಗ್‌ನಲ್ಲಿ 132 ಪಂದ್ಯ. ಮಂಗಳವಾರದಿಂದ ಭಾನುವಾರದವರೆಗೆ ಆರು, ಸೋಮವಾರ ರಜೆ. ಆರು ಜನರ ರೊಟೇಷನ್ (ಸ್ಟಾರ್ಟರ್‌ಗಳ ಸರದಿ) ಅಲ್ಲಿಗೆ ಅಳತೆ ಕೊಟ್ಟು ಹೊಲಿಸಿದಂಗಿದೆ: ಒಬ್ಬೊಬ್ಬನಿಗೆ ವಾರಕ್ಕೊಂದು, ವರ್ಷಕ್ಕೆ 22 ಸ್ಟಾರ್ಟ್. 75 ಪಿಚ್ ಮಿತಿ, ಇನಿಂಗ್ಸ್‌ಗೆ ಸುಮಾರು 16 ಅಂದ್ರೆ ವರ್ಷಕ್ಕೆ 103 ಇನಿಂಗ್ಸ್. ಐದು ಜನ ಇಟ್ಟರೆ 26 ಸ್ಟಾರ್ಟ್, 122 ಇನಿಂಗ್ಸ್. ಪ್ರಸನ್ನನ ಪಟ್ಟಿಯ ನೂರೂ ಹತ್ತತ್ರ ಸಿಕ್ತು, ಯಾರನ್ನೂ ಕೂರಿಸೋದೂ ಬೇಕಿಲ್ಲ.

ಪ್ರಸನ್ನ: ಮತ್ತೆ ನಮ್ಮವನು ಜುಲೈಗೇ 96 ಹೇಗಾದ?

ವಿದ್ಯಾ: ಐದು ಜನರ ರೊಟೇಷನ್, ಮೇಲಾಗಿ ‘ವಿಶ್ರಾಂತಿ ಪಡೆದವರಲ್ಲಿ ಸರದಿಯಲ್ಲಿ ಮೇಲಿರೋನೇ ಮೊದಲು’ ಮೋಡ್‌ನಲ್ಲಿದೆ. ಸೋಮವಾರದ ರಜೆ ಬಂದಾಗಲೆಲ್ಲ ಐದನೆಯವನನ್ನ ಹಾರಿಸಿ ಮತ್ತೆ ಇವನನ್ನೇ ಕರೀತಿದೆ. ಪಿಚ್ ಮಿತಿಯ ಜಾಗ ಖಾಲಿ. ಮ್ಯಾನೇಜರ್‌ನ ಹುಕ್ ಸ್ಲೈಡರ್ ನಿಧಾನದ ಕಡೆಗೆ, ಅಂದ್ರೆ ಸ್ಟಾರ್ಟರ್‌ನ ತಡವಾಗಿ ತೆಗೀತಾನೆ. ಮೂರೂ ಸೇರಿ ಹೀಗಾಗಿದೆ.

ಗಿರೀಶ: ಈಗ ಸರಿ ಮಾಡೋದು ಹೇಗೆ ಅದನ್ನ ಹೇಳು.

ವಿದ್ಯಾ: ಮೊದಲು ರೊಟೇಷನ್ ಆರಕ್ಕೆ, ಮೋಡ್ ‘ಕಟ್ಟುನಿಟ್ಟಾಗಿ ಸರದಿ ಪ್ರಕಾರ’. ಆಮೇಲೆ ಹುಡುಗನ ವೈಯಕ್ತಿಕ ಸ್ಟ್ರಾಟಜಿ ಪುಟದಲ್ಲಿ ಪಿಚ್ ಮಿತಿ 65. ತಂಡದ ಹುಕ್ ಸ್ಲೈಡರ್ ಮುಟ್ಟಬೇಡಿ, ಮುಟ್ಟಿದ್ರೆ 27 ವರ್ಷದವರನ್ನೂ ಐದನೇ ಇನಿಂಗ್ಸ್‌ಗೇ ಎಬ್ಬಿಸ್ತಾನೆ. ಮುಖ್ಯವಾದದ್ದು ಇನ್ನೊಂದಿದೆ: ಆ ಹಂತದ ಪಿಚಿಂಗ್ ಸ್ಟಾಫ್ ಸದ್ಯ ಎಐ ಮ್ಯಾನೇಜರ್ ಕೈಲಿದೆ. ಅದನ್ನ ನಮ್ಮ ಕೈಗೆ ತಗೊಳ್ಳಿ, ಇಲ್ಲಾಂದ್ರೆ ಹುಡುಗನನ್ನ ಸ್ಟಾರ್ಟರ್ ಅಂತ ಲಾಕ್ ಮಾಡಿ. ಬಿಟ್ಟರೆ ಸಿಮ್ ಮಧ್ಯದಲ್ಲೇ ಅವನನ್ನ ಬುಲ್‌ಪೆನ್‌ಗೆ ತಳ್ಳಬಹುದು. ಸಿಮ್ ಒಂದು ವಾರದ್ದು, ನಡುವೆ ನಾವು ಕೈ ಹಾಕೋ ಹಾಗಿಲ್ಲ.

ಶ್ರೀಧರ: ಉಳಿದಿರೋದು ಆರು ಸ್ಟಾರ್ಟ್, 65 ಪಿಚ್‌ಗೆ ನಾಲ್ಕು ಇನಿಂಗ್ಸ್ ಅಂದ್ರೆ 24. 120ಕ್ಕೆ ಮುಗೀತದೆ.

ಗಿರೀಶ: ನಾಲ್ಕೇ ಇನಿಂಗ್ಸ್ ಎಸೆದ್ರೆ ಉಳಿದ ಐದನ್ನ ಯಾರಪ್ಪ ಎಸೀತಾರೆ? ನಿಮ್ಮಪ್ಪನಾ? ಬುಲ್‌ಪೆನ್ ಪುಟ ತೆಗೆದು ನೋಡಿದ್ರಾ ಯಾರಾದ್ರೂ? ಸ್ಲೈಡರ್ (ತಿರುವಿನ ಪಿಚ್) ಎಸೆಯೋ ಆ 21 ವರ್ಷದ ಹುಡುಗನ ಕಳೆದ ನಾಲ್ಕು ದಿನದ ಪಿಚ್: 22, 0, 31, 18. ಇದು ಫ್ರಜೈಲ್ ಅಲ್ಲದವನನ್ನೂ ಫ್ರಜೈಲ್ ಮಾಡೋ ದಾರಿ. ಒಬ್ಬನ ಹೊರೆ ಇಳಿಸಿ ಇನ್ನೊಬ್ಬನ ಹೆಗಲಿಗೆ ಹೊರಿಸ್ತಿದ್ದೀರ.

ಶ್ರೀಧರ: ಅದು ಸರಿಯಾದ ಪ್ರಶ್ನೆ ಮಾರಾಯ.

ವಿದ್ಯಾ: ಹೌದು, ಲಾಂಗ್ ರಿಲೀಫ್ (ಸ್ಟಾರ್ಟರ್ ನಂತರ ಹಲವು ಇನಿಂಗ್ಸ್ ಎಸೆಯೋ) ಪಾತ್ರಕ್ಕೆ ಒಬ್ಬರು ಸಾಲಲ್ಲ, ಇಬ್ಬರು ಬೇಕು. ಸ್ಟ್ಯಾಮಿನಾ 40 ಮೇಲಿರೋ, ಮೂರನೇ ಬಗೆಯ ಪಿಚ್ ಬೆಳೆಯದೆ ಸ್ಟಾರ್ಟರ್ ಆಗಲಾರದವರು ಸಂಸ್ಥೆಯಲ್ಲಿ ಸಾಕಷ್ಟಿದಾರೆ. 25–26 ದಾಟಿದವರನ್ನೇ ತನ್ನಿ, ಅವರ ಬೆಳವಣಿಗೆಯ ಚಿಂತೆ ಇಲ್ಲ. ಸ್ಲೈಡರ್ ಹುಡುಗನಿಗೂ 25 ಪಿಚ್ ಮಿತಿ.

ಪ್ರಸನ್ನ: ಇಷ್ಟೆಲ್ಲ ಯಾಕೆ, ಸೆಪ್ಟೆಂಬರ್‌ನಲ್ಲಿ ಮೇಲಿನ ತಂಡಕ್ಕೆ ಕರೆದು ಬುಲ್‌ಪೆನ್‌ನಲ್ಲಿ ಒಂದೊಂದು ಇನಿಂಗ್ಸ್ ಕೊಡೋಣ. 28 ಜನರ ರೋಸ್ಟರ್ ಆಗುತ್ತಲ್ಲ.

ಗಿರೀಶ: 28ರಲ್ಲಿ ಪಿಚರ್‌ಗಳು 14 ಮಾತ್ರ. ಕರೆಯೋಕೆ 40 ಜನರ ಪಟ್ಟಿಯಲ್ಲಿ ಜಾಗ ಕೊಡಬೇಕು. ಮುಂದಿನ ವರ್ಷ ಕೆಳಗೆ ಕಳಿಸಿದ್ರೆ ಮೂರು ಆಪ್ಷನ್ ವರ್ಷಗಳಲ್ಲಿ (ಹಾಗೆ ಕಳಿಸೋಕೆ ಅವಕಾಶ ಇರೋ ವರ್ಷಗಳು) ಒಂದು ಖರ್ಚು. ಅದೂ ಕಂಟ್ರೋಲ್ 35 ಇಟ್ಕೊಂಡು, ಬೇಸ್ ತುಂಬಿರುವಾಗ. ಬೇಡ.

ಪ್ರಸನ್ನ: ಆಯ್ತಪ್ಪ ಬಿಡಿ. ಆದ್ರೆ 65 ಅಲ್ಲ, 60.

ಶ್ರೀಧರ: 60ಕ್ಕೆ ಅವನು ನಾಲ್ಕನೇ ಇನಿಂಗ್ಸ್ ಮುಗಿಸೋದೇ ಕಷ್ಟ. ಮೇಲಾಗಿ ಎದುರಿಗಿರೋ ಬ್ಯಾಟರ್ ಮುಗಿಯಬೇಕಲ್ಲ, 65 ಹಾಕಿದ್ರೆ 68–70 ಆಗೋದು ಇದ್ದೇ ಇದೆ ಅಂತ ಲೆಕ್ಕ ಇಟ್ಟೇ ಹಾಕಿ.

ವಿದ್ಯಾ: 65 ಹಾಕಿದೀನಿ. ರೊಟೇಷನ್ ಆರು, ಸರದಿ ಕಟ್ಟುನಿಟ್ಟು, ಲಾಕ್ ಆಗಿದೆ. ಲಾಂಗ್ ರಿಲೀಫ್‌ಗೆ ಇಬ್ಬರ ಹೆಸರು ಗಿರೀಶ ಕೊಡಬೇಕು, ಸಿಮ್‌ಗೆ ಫೈಲ್ ಕಳಿಸೋದು ಶನಿವಾರ ರಾತ್ರಿ.

ಗಿರೀಶ: ಒಬ್ಬ ಸಿಕ್ಕ: 27 ವರ್ಷ, ಡ್ಯೂರಬಲ್, ಸ್ಟ್ಯಾಮಿನಾ 45, ಫಾಸ್ಟ್‌ಬಾಲ್ ಗಂಟೆಗೆ 90 ಮೈಲಿ ಮೇಲೆ ಹೋಗಲ್ಲ. ಇನ್ನೊಬ್ಬನ್ನ ಪ್ರಸನ್ನ ಹುಡುಕ್ಲಿ, ಫಾರ್ವರ್ಡ್ ಹುಡುಕೋಕೆ ಟೈಮ್ ಇದೆಯಲ್ಲ.