ಥೈಮಸ್ ತುಂಡಿನಲ್ಲಿ ಕೋಶಗಳು ಅಲುಗಾಡುತ್ತಿಲ್ಲ, ಯಾರಾದರೂ ನೋಡಿ

ತುಂಡುಗತ್ತಿ: ಇಲಿಯ ಥೈಮಸ್ (ರೋಗನಿರೋಧಕ ಟಿ ಕೋಶಗಳು ಬೆಳೆಯುವ ಅಂಗ) ಕೊಯ್ದು, ಬಣ್ಣ ಹಾಕಿದ, ಇನ್ನೂ ಬೆಳೆಯುತ್ತಿರುವ ಟಿ ಕೋಶಗಳಾದ ಥೈಮೋಸೈಟ್‌ಗಳನ್ನು ಮೇಲೆ ಬಿಟ್ಟು, ಟೂ-ಫೋಟಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದೇನೆ. ಕೋಶಗಳು ಒಳಗೆ ಇಳಿದಿವೆ, ಆದರೆ ಎಲ್ಲವೂ ದುಂಡಗೆ ಕುಳಿತಿವೆ. ಉಳಿದವರ ವಿಡಿಯೋಗಳಲ್ಲಿ ಹೇಗೆ ಓಡಾಡುತ್ತವೆ! ಪ್ರೋಟೋಕಾಲ್ ಮಾಮೂಲಿಯದೇ. ಸಾಕಾಗಿ ಹೋಗಿದೆ.

ಬಿಸಿನೀರು: ತಾಪಮಾನ. ದ್ರವದಲ್ಲಿ ಮುಳುಗಿಸುವ ಆಬ್ಜೆಕ್ಟಿವ್ ಲೆನ್ಸ್ ಶಾಖವನ್ನೆಲ್ಲ ಹೀರಿಬಿಡುತ್ತದೆ. ಅದಕ್ಕೂ ಹೀಟರ್ ಕಟ್ಟಿ.

ತುಂಡುಗತ್ತಿ: 37 ತೋರಿಸುತ್ತಿದೆ ಸರ್.

ಬಿಸಿನೀರು: ಎಲ್ಲಿ ತೋರಿಸುತ್ತಿದೆ? ಹೀಟರ್ ಡಬ್ಬಿಯ ಮೇಲಿನ ಅಂಕಿಯನ್ನು ನಂಬಬೇಡಿ, ತುಂಡಿನ ಪಕ್ಕದಲ್ಲೇ ಅಳೆಯಿರಿ.

ಕಾರ್ಟೆಕ್ಸ್‌ವಾಸಿ: ಇವರಿಗೆ ಜ್ವರ ಬಂದರೂ ಹೀಟರ್ ಕಾರಣ. ಕೋಶ ಯಾವ ಹಂತದ್ದು ಎಂದು ಮೊದಲು ಹೇಳಿ. ಥೈಮಸ್ಸಿನ ಹೊರಭಾಗವಾದ ಕಾರ್ಟೆಕ್ಸಿನ ಡಬಲ್ ಪಾಸಿಟಿವ್ ಕೋಶಗಳು (ಸಿಡಿ4, ಸಿಡಿ8 ಎರಡೂ ಇರುವ ಎಳೆಯ ಕೋಶಗಳು) ನಿಮಿಷಕ್ಕೆ ಸುಮಾರು 3ರಿಂದ 8 ಮೈಕ್ರೋಮೀಟರ್ ಮಾತ್ರ, ಅದೂ ಗೊತ್ತುಗುರಿಯಿಲ್ಲದೆ ಅಲೆಯುತ್ತವೆ. ಪಾಸಿಟಿವ್ ಸೆಲೆಕ್ಷನ್ (ಕೆಲಸಕ್ಕೆ ಬರುವ ಕೋಶಗಳನ್ನು ಉಳಿಸಿಕೊಳ್ಳುವ ಹಂತ) ಆದ ಮೇಲೆ ಸಿಸಿಆರ್7 ಎಂಬ ಗ್ರಾಹಕ ಮೂಡಿ, ಕೋಶಗಳನ್ನು ಕರೆಯುವ ಸಿಸಿಎಲ್21 ಪ್ರೋಟೀನಿನ ಸೆಳೆತಕ್ಕೆ ಒಳಭಾಗವಾದ ಮೆಡುಲ್ಲಾ ಸೇರುತ್ತವೆ. ಓಟ ಬೇಕಿದ್ದರೆ ಅಲ್ಲಿ ನೋಡಿ, 10 ದಾಟುತ್ತದೆ.

ನೀಲಮಣಿ: ಎಷ್ಟು ಆಳದಲ್ಲಿ ನೋಡುತ್ತಿದ್ದೀರಿ? ಅಲುಗು ತಾಗಿದ ಮೇಲ್ಪದರದಲ್ಲಿ ಸತ್ತ ಕೋಶಗಳೇ ಹೆಚ್ಚು. ನಮ್ಮಲ್ಲಿ ಅಲುಗು ಕಂಪಿಸುತ್ತ ಕೊಯ್ಯುವ ಯಂತ್ರ ವೈಬ್ರಟೋಮಿಗೆ ನೀಲಮಣಿಯ ಅಲುಗು, ಕೆಳಗೆ ಗಾಳಿಯ ಮೇಲೆ ತೇಲುವ ಮೇಜು, ಎರಡೆರಡು ಲೇಸರ್...

ಕಾರ್ಟೆಕ್ಸ್‌ವಾಸಿ: ಸಾಮಾನ್ಯ ಬ್ಲೇಡಿನಲ್ಲೂ ಚೆನ್ನಾಗಿಯೇ ಕೊಯ್ಯಬಹುದು.

ನೀಲಮಣಿ: ಕೊಯ್ಯಬಹುದು, ಬದನೆಕಾಯಿಯನ್ನು.

ತುಂಡುಗತ್ತಿ: ಜಗಳ ಆಮೇಲೆ ಆಡಿ. ಆಳ 80 ಮೈಕ್ರೋಮೀಟರ್, ಆಮ್ಲಜನಕ ಹರಿಯುತ್ತಿದೆ. ಕೋಶಗಳು ಓಟಿ-1 ಇಲಿಯವು (ಬಹುತೇಕ ಟಿ ಕೋಶಗಳಲ್ಲಿ ಒಂದೇ ಗ್ರಾಹಕ ಇರುವ ತಳಿ), ತುಂಡನ್ನು ಓವಾ ಪೆಪ್ಟೈಡಿನಲ್ಲಿ (ಮೊಟ್ಟೆಯ ಬಿಳಿಭಾಗದ ಪ್ರೋಟೀನಿನ ತುಣುಕು) ನೆನೆಸಿದ್ದೇನೆ. ಇದೆಲ್ಲ ಹೇಳಬೇಕಾದ ವಿಷಯವೇ?

ಕಾರ್ಟೆಕ್ಸ್‌ವಾಸಿ: ಇದೊಂದನ್ನೇ ಹೇಳಬೇಕಿತ್ತು! ಓಟಿ-1 ಗ್ರಾಹಕ ಗುರುತಿಸುವುದೇ ಆ ಪೆಪ್ಟೈಡನ್ನು. ಅಷ್ಟು ಬಲವಾಗಿ ಕಚ್ಚಿಕೊಂಡರೆ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ನಡಿಗೆ ನಿಲ್ಲುತ್ತದೆ. ನೀವು ನೋಡುತ್ತಿರುವುದು ನೆಗೆಟಿವ್ ಸೆಲೆಕ್ಷನ್ (ಹೀಗೆ ಅತಿಯಾಗಿ ಕಚ್ಚಿಕೊಳ್ಳುವ ಕೋಶಗಳನ್ನು ತೆಗೆದುಹಾಕುವ ಹಂತ) ಇರಬೇಕು. ಪೆಪ್ಟೈಡ್ ಇಲ್ಲದ ತುಂಡನ್ನು ಪಕ್ಕದಲ್ಲಿಟ್ಟು ಹೋಲಿಸಿ, ಇಂಡೋ-1 ಬಣ್ಣ ಹಾಕಿ ಕ್ಯಾಲ್ಸಿಯಂ ನೋಡಿ.

ಬಿಸಿನೀರು: ತಣ್ಣಗಿದ್ದರೂ ಕೋಶಗಳು ನಿಲ್ಲುತ್ತವೆ.

ಹೊಸಬ: ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ನನ್ನ ವಿಡಿಯೋದಲ್ಲಿ ಎಲ್ಲ ಕೋಶಗಳೂ ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಸಾಗುತ್ತಿವೆ. ಇದು ಸಿಸಿಎಲ್21ರ ಸೆಳೆತವೇ?

ನೀಲಮಣಿ: ತುಂಡು ಜಾರುತ್ತಿದೆ. ಅಂಟು ಬದಲಿಸಿ. ನಾವು ಬಳಸುವ ಅಂಟಿನ ಚಿತ್ರ ಹಾಕುತ್ತೇನೆ, ಮೇಜೂ ಕಾಣುವ ಹಾಗೆ.