ಪದಚರ್ಚೆ: ಕರುಳಿನ ಆಂಜಿಯೋಡಿಸ್ಪ್ಲೇಸಿಯಾಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ದೊಡ್ಡ ಕರುಳಿನಲ್ಲಿ ರಕ್ತ ಸೋರುವ ಒಂದು ತೊಂದರೆ ಇದೆ. ವೈದ್ಯರು ಆಂಜಿಯೋಡಿಸ್ಪ್ಲೇಸಿಯಾ ಎನ್ನುತ್ತಾರೆ. ರೋಗಿಗಳ ಮನೆಯವರಿಗೆ ಕೊಡಲು ಅದರ ಬಗ್ಗೆ ಎರಡು ಪುಟದ ತಿಳಿವಳಿಕೆ ಪತ್ರ ಬರೆಯುತ್ತಿದ್ದೇನೆ. ಎರಡು ಕಡೆ ಸರಿಯಾದ ಮಾತು ಸಿಗುತ್ತಿಲ್ಲ. ಒಂದು ರೋಗದ ಹೆಸರು, ಇನ್ನೊಂದು ಚಿಕಿತ್ಸೆಯನ್ನು ಹೇಳುವ ಕ್ರಿಯಾಪದ.

ಆಗುವುದು ಇಷ್ಟು. ಕರುಳಿನ ಒಳಪದರದಲ್ಲಿ, ಅದರ ಕೆಳಗೆ ಇರುವ ಸಣ್ಣ ರಕ್ತನಾಳಗಳು ವಯಸ್ಸಾದಂತೆ ಕೆಲವರಲ್ಲಿ ಅಗಲವಾಗುತ್ತವೆ, ಗೋಡೆ ತೆಳ್ಳಗಾಗುತ್ತದೆ. ಹೆಚ್ಚಾಗಿ 60 ದಾಟಿದವರಲ್ಲಿ. ಅದೂ ಹೊಟ್ಟೆಯ ಬಲಗಡೆ, ದೊಡ್ಡ ಕರುಳು ಶುರುವಾಗುವ ಚೀಲದಂಥ ಜಾಗದಲ್ಲಿ ಜಾಸ್ತಿ. ಕರುಳು ಅಲ್ಲೇ ತುಂಬಾ ಅಗಲ, ಹಾಗಾಗಿ ಗೋಡೆಯ ಮೇಲೆ ಬಿಗಿತವೂ ಹೆಚ್ಚು. ಕರುಳು ಹಿಂಡಿಕೊಂಡಾಗಲೆಲ್ಲ ಗೋಡೆ ದಾಟಿ ಹೋಗುವ ಸಿರೆ ಒತ್ತಿಕೊಳ್ಳುತ್ತದೆ, ಹಿಂದೆ ರಕ್ತ ತಡೆದು ನಿಲ್ಲುತ್ತದೆ. ವರ್ಷಗಟ್ಟಲೆ ಹೀಗಾದರೆ ನಾಳ ಹಿಗ್ಗುತ್ತದೆ ಎಂದು ವೈದ್ಯರು ವಿವರಿಸುತ್ತಾರೆ. ನೋವಿರುವುದಿಲ್ಲ. ಕೆಲವರಿಗೆ ಮಲದಲ್ಲಿ ಕಡುಗೆಂಪು ರಕ್ತ ಹೋಗುತ್ತದೆ. ಕೆಲವರಿಗೆ ಕಣ್ಣಿಗೆ ಕಾಣದಷ್ಟೇ ಸೋರುತ್ತದೆ. ಸುಸ್ತು, ಏದುಸಿರು ಅಂತ ಬಂದು ರಕ್ತ ಪರೀಕ್ಷೆ ಮಾಡಿಸಿದಾಗಲೇ ರಕ್ತಹೀನತೆ ಇದೆ ಎಂದು ಅವರಿಗೆ ಗೊತ್ತಾಗುವುದು. ಬಹಳ ಸಲ ತಾನಾಗಿ ನಿಲ್ಲುತ್ತದೆ, ಆದರೆ ಮತ್ತೆ ಬರಬಹುದು.

ನಮ್ಮಲ್ಲಿ ಮಲದಲ್ಲಿ ರಕ್ತ ಅಂದರೆ ಮೂಲವ್ಯಾಧಿ, ಇಲ್ಲವೇ ರಕ್ತಭೇದಿ. ಮೂರನೆಯ ಹೆಸರು ಜನರ ಬಾಯಲ್ಲಿ ಇಲ್ಲ. ಹಾಗಾಗಿ ವಯಸ್ಸಾದವರು ಮೂಲವ್ಯಾಧಿ ಎಂದುಕೊಂಡು ಮನೆಮದ್ದಿನಲ್ಲೇ ದಿನ ಕಳೆಯುತ್ತಾರೆ. ಇದಕ್ಕೊಂದು ಸ್ವಂತ ಹೆಸರು ಬೇಕು ಅಂತ ನನಗೆ ಬಲವಾಗಿ ಅನ್ನಿಸುವುದು ಇದಕ್ಕೇ.

ಪದ ಬಿಡಿಸಿ ಅನುವಾದಿಸಿದರೆ ‘ರಕ್ತನಾಳದ ಅಸಹಜ ಬೆಳವಣಿಗೆ’ ಎಂದಾಗುತ್ತದೆ. ಇದನ್ನು ನಾನು ಒಪ್ಪಲಾರೆ. ‘ಬೆಳವಣಿಗೆ’ ಎಂದ ಕೂಡಲೇ ಓದುವವರಿಗೆ ಗಡ್ಡೆ, ಕ್ಯಾನ್ಸರ್ ನೆನಪಾಗುತ್ತದೆ. ಬಯಾಪ್ಸಿ ವರದಿಯಲ್ಲಿ ಬರೀ ಡಿಸ್ಪ್ಲೇಸಿಯಾ ಎಂದಿದ್ದರೆ ಅದು ಕ್ಯಾನ್ಸರಿಗೆ ಮುಂಚಿನ ಬದಲಾವಣೆ, ನಿಜ. ಆದರೆ ಇದು ಕ್ಯಾನ್ಸರ್ ಆಗಿ ತಿರುಗುವಂಥದ್ದಲ್ಲ. ‘ನಾಳವಿರೂಪ’ ಎಂದರೆ ಹುಟ್ಟಿನಿಂದಲೇ ಬಂದದ್ದು ಎಂಬ ಅರ್ಥ ಬರುತ್ತದೆ. ‘ಉಬ್ಬುನರ’ ಜನರಿಗೆ ಹತ್ತಿರದ ಮಾತು, ಆದರೆ ಅಲ್ಲಿ ‘ನರ’ದ ತೊಡಕು. ಸೂಜಿ ಚುಚ್ಚುವಾಗ ‘ನರ ಸಿಗ್ತಿಲ್ಲ’ ಅನ್ನುತ್ತಾರೆ, ಅದು ರಕ್ತನಾಳ. ‘ನರರೋಗ ತಜ್ಞರು’ ನೋಡುವುದೇ ಬೇರೆ. ಬರಹದಲ್ಲಿ ಇವೆರಡನ್ನು ಬೆರೆಸುವುದು ಬೇಡ.

ನನಗೆ ಹೊಳೆದದ್ದು ‘ಹಿಗ್ಗುನಾಳ’. ಇದೇ ತೊಂದರೆಗೆ ವೈದ್ಯರು ವ್ಯಾಸ್ಕುಲರ್ ಎಕ್ಟೇಸಿಯಾ ಎಂದೂ ಹೇಳುತ್ತಾರೆ. ಅದರ ಅರ್ಥವೂ ಹಿಗ್ಗಿದ ನಾಳ ಎಂದೇ. ಸಂಶಯ ಒಂದೇ. ‘ಹಿಗ್ಗಿ ಹೀರೇಕಾಯಿ ಆದ’ ಅನ್ನುವ ನಾಡಿನಲ್ಲಿ ‘ಹಿಗ್ಗು’ ಎಂದರೆ ಮೊದಲು ನೆನಪಾಗುವುದು ಸಂತೋಷವೇ ಅಲ್ವಾ? ರೋಗದ ಹೆಸರಿನಲ್ಲಿ ಅದು ಒಗ್ಗುತ್ತದಾ?

ಇನ್ನು ಚಿಕಿತ್ಸೆ. ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡುವಾಗ ಆ ಕೊಳವೆಯ ತುದಿಯಿಂದ ಆರ್ಗಾನ್ ಅನಿಲ ಬಿಟ್ಟು, ಅದರ ಮೂಲಕ ವಿದ್ಯುತ್ ಹಾಯಿಸುತ್ತಾರೆ. ತುದಿ ಕರುಳಿಗೆ ತಾಗುವುದೇ ಇಲ್ಲ. ಆ ಬಿಸಿಗೆ ಮೇಲ್ಮೈಯ ನಾಳ ಮುಚ್ಚಿಕೊಳ್ಳುತ್ತದೆ. ಬಲಗಡೆಯ ಕರುಳಿನ ಗೋಡೆ ತೆಳು, ತೂತಾಗಬಾರದು ಅಂತ ಅಲ್ಲಿ ಶಕ್ತಿ ಕಡಿಮೆ ಇಡುತ್ತಾರೆ. ಇದಕ್ಕೆ ಯಾವ ಕ್ರಿಯಾಪದ? ‘ಸುಡುವುದು’ ಎಂದು ಬರೆದರೆ ವಯಸ್ಸಾದವರು ಹೆದರುತ್ತಾರೆ. ಕರುಳಿನ ಒಳಪದರಕ್ಕೆ ಸುಟ್ಟ ನೋವು ತಿಳಿಯುವುದಿಲ್ಲ, ಆದರೂ ಆ ಮಾತು ಹೆದರಿಸುತ್ತದೆ. ‘ಬರೆ’ ಇನ್ನೂ ಕಠೋರ. ‘ಶಾಖ ಕೊಡುವುದು’ ಎಂದರೆ ಬಿಸಿನೀರಿನ ಚೀಲ ಇಟ್ಟಂತಾಗುತ್ತದೆ. ‘ಹೆಪ್ಪುಗಟ್ಟಿಸುವುದು’ ಅರ್ಥಕ್ಕೆ ಹತ್ತಿರ, ಆದರೆ ಹೆಪ್ಪು ಅಂದರೆ ಜನಕ್ಕೆ ಹೃದಯಾಘಾತ, ಪಾರ್ಶ್ವವಾಯು ನೆನಪಾಗುತ್ತದೆ. ಸದ್ಯಕ್ಕೆ ‘ಕಾಯಿಸಿ ಮುಚ್ಚುವುದು’ ಎಂದು ಬರೆದಿಟ್ಟಿದ್ದೇನೆ.

ಉಳಿದವು ಅಷ್ಟು ಕಷ್ಟವಲ್ಲ. ಸೋರುವ ಜಾಗಕ್ಕೆ ಕ್ಲಿಪ್ ಹಾಕುವುದಕ್ಕೆ ‘ಕ್ಲಿಪ್’ ಎಂಬ ಮಾತೇ ಸಾಕು. ರಕ್ತ ನಿಲ್ಲದೇ ಇದ್ದಾಗ ತೊಡೆಸಂದಿನ ಧಮನಿಯಿಂದ ತೂರುನಳಿಕೆ (ಕ್ಯಾತಿಟರ್ ಎಂಬ ಸಣ್ಣ ಕೊಳವೆ) ಕಳಿಸಿ ನಾಳ ಕಟ್ಟಿಸುವುದನ್ನು ‘ನಾಳಬಂದ್’ ಎನ್ನಬಹುದು. ಯಾವುದಕ್ಕೂ ಬಗ್ಗದಿದ್ದರೆ ಆ ಭಾಗದ ಕರುಳನ್ನು ಕತ್ತರಿಸಿ ತೆಗೆಯುತ್ತಾರೆ. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ, ಅದು ರಕ್ತವಲ್ಲ ಎಂದೂ ಸೇರಿಸಿದ್ದೇನೆ. ಆದರೆ ಟಾರಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕಪ್ಪಾದರೆ ವೈದ್ಯರಿಗೆ ಹೇಳಲೇಬೇಕು. ಹೃದಯದ ಕವಾಟ ಕಿರಿದಾದವರಲ್ಲೂ ಈ ಸೋರಿಕೆ ಕಾಣುತ್ತದೆ. ಅಮೆರಿಕದ ವೈದ್ಯ ಎಡ್ವರ್ಡ್ ಹೈಡ್ 1958ರಲ್ಲೇ ಇದನ್ನು ಗಮನಿಸಿ ಬರೆದಿದ್ದರು. ಹಾಗಾಗಿ ‘ಹೊಟ್ಟೆಯ ತೊಂದರೆಗೆ ಎದೆಯ ಪರೀಕ್ಷೆ ಯಾಕೆ’ ಎಂಬುದಕ್ಕೂ ಒಂದು ಸಾಲು ಬರೆದಿದ್ದೇನೆ.

ನಿಮ್ಮಿಂದ ಬೇಕಾದದ್ದು: ‘ಹಿಗ್ಗುನಾಳ’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಕಲಬುರಗಿ, ಧಾರವಾಡ, ಮಂಗಳೂರು ಕಡೆಯವರು ಕಾಲಿನಲ್ಲಿ ಉಬ್ಬಿದ ರಕ್ತನಾಳಕ್ಕೆ ಮನೆಯಲ್ಲಿ ಏನನ್ನುತ್ತೀರಿ? ‘ಕಾಯಿಸಿ ಮುಚ್ಚುವುದು’ಕ್ಕಿಂತ ಒಳ್ಳೆಯ ಮಾತು ಇದ್ದರೆ ದಯವಿಟ್ಟು ತಿಳಿಸಿ.