ಕಾಗದಪತ್ರ ಎಲ್ಲ ಇಟ್ಕೊಂಡು ತಂದ ಮರಕ್ಕೆ ‘ಕಳ್ಳಸಾಗಣೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಬೇರೆ ದೇಶದಲ್ಲಿ ಕಾನೂನು ಮೀರಿ ಕಡಿದ ಮರವನ್ನ ಆಮದು ಮಾಡ್ಕೊಂಡ ಕಂಪನಿಗಳ ಮೇಲೆ ಅಮೆರಿಕದಲ್ಲಿ ಕೇಸು ಹೇಗೆ ನಡೆಸ್ತಾರೆ ಅನ್ನೋದರ ಬಗ್ಗೆ ಒಂದು ಉದ್ದದ ಲೇಖನ ಕನ್ನಡಕ್ಕೆ ತರ್ತಾ ಇದ್ದೀನಿ, ಅರ್ಧ ದಾರಿಲಿ ನಾಲ್ಕೈದು ಪದಗಳು ಕೈಕೊಟ್ಟಿವೆ. ನಿಘಂಟಲ್ಲಿ ಸಿಗಲ್ಲ ಅಂತಲ್ಲ, ಸಿಕ್ಕಿದ್ದನ್ನ ಹಾಕಿದ್ರೆ ಕೇಸಿನ ಹುರುಳೇ ತಪ್ಪಿ ಹೋಗುತ್ತೆ, ಅದಕ್ಕೇ ಇಲ್ಲಿ ಕೇಳ್ತಿರೋದು.

ಮೊದಲನೇ ತಕರಾರು ಕಳ್ಳಸಾಗಣೆದು. ನಮ್ಮಲ್ಲಿ ಮರದ ಸುದ್ದಿ ಅಂದ ತಕ್ಷಣ ಈ ಪದ ತಾನಾಗೇ ಬಂದು ಕೂತ್ಕೊಳ್ಳುತ್ತೆ. ಶ್ರೀಗಂಧ ಕಳ್ಳಸಾಗಣೆ, ರಕ್ತಚಂದನ ಕಳ್ಳಸಾಗಣೆ, ತರಕಾರಿ ಮೂಟೆ ಅಡಿಲಿ ತುಂಡು ಬಚ್ಚಿಟ್ಟು ರಾತ್ರೋರಾತ್ರಿ ಚೆಕ್‌ಪೋಸ್ಟ್ ದಾಟಿಸೋದು, ಓದಿದವರ ಕಣ್ಣಮುಂದೆ ಬರೋದು ಅದೇ. ಆದ್ರೆ ನಾನು ಅನುವಾದ ಮಾಡ್ತಿರೋ ಕೇಸುಗಳಲ್ಲಿ ಮರವನ್ನ ಯಾರೂ ಬಚ್ಚಿಟ್ಟಿಲ್ಲ. ಲಂಬರ್ ಲಿಕ್ವಿಡೇಟರ್ಸ್ ಅಂತ ಅಮೆರಿಕದ ದೊಡ್ಡ ಕಂಪನಿ, ಮನೆ ನೆಲಕ್ಕೆ ಹಾಸೋ ಮರದ ಪಟ್ಟಿ ಮಾರೋರು. ರಷ್ಯಾದ ದೂರಪೂರ್ವದಲ್ಲಿ, ಸೈಬೀರಿಯನ್ ಹುಲಿ ಮತ್ತೆ ಅಮೂರ್ ಚಿರತೆ ಇರೋ ಕಾಡಲ್ಲಿ, ಅಕ್ರಮವಾಗಿ ಕಡಿದ ಓಕ್ ಮರ ಚೀನಾದ ಫ್ಯಾಕ್ಟರಿಗೆ ಹೋಗಿ ಅಲ್ಲಿ ನೆಲದ ಪಟ್ಟಿಯಾಗಿ ಕಂಟೇನರ್ ಹತ್ತಿ ಅಮೆರಿಕದ ಬಂದರಿಗೆ ಹಾಡುಹಗಲಲ್ಲೇ ಬಂತು, ಯಾವ ಮರ, ಯಾವ ದೇಶದ್ದು ಅಂತ ಘೋಷಣೆ ಪತ್ರಾನೂ ತುಂಬಿದ್ರು. ಸುಳ್ಳು ಇದ್ದದ್ದು ಆ ಪತ್ರದಲ್ಲಿ. ಮಂಗೋಲಿಯನ್ ಓಕ್ ಅನ್ನೋದು ವೆಲ್ಷ್ ಓಕ್ ಆಗಿತ್ತು, ಮ್ಯಾನ್ಮಾರ್‌ನ ಮರ್ಬಾವು ಅನ್ನೋ ಮರ ಇಂಡೋನೇಷ್ಯಾದ ಮಹಾಗನಿ ಆಗಿತ್ತು. 2015ರ ಅಕ್ಟೋಬರ್‌ನಲ್ಲಿ ಕಂಪನಿ ಕೋರ್ಟಲ್ಲಿ ತಪ್ಪೊಪ್ಪಿಕೊಳ್ತು, 2016ರ ಫೆಬ್ರವರಿಲಿ ಶಿಕ್ಷೆ ಆಯ್ತು, ದಂಡ ಮುಟ್ಟುಗೋಲು ಎಲ್ಲ ಸೇರಿ 1 ಕೋಟಿ 31 ಲಕ್ಷದ 50 ಸಾವಿರ ಡಾಲರ್. ಅಕ್ರಮ ಮರದ ಆಮದಿಗೆ ಸಂಬಂಧಪಟ್ಟ ಹಾಗೆ ಅಮೆರಿಕದಲ್ಲಿ ಘೋರ ಅಪರಾಧದ ದರ್ಜೆಲಿ ಶಿಕ್ಷೆ ಆದ ಮೊದಲನೇ ಕೇಸು ಅದು. ಇದನ್ನ ಕಳ್ಳಸಾಗಣೆ ಅಂತ ಬರೆದ್ರೆ ಓದುಗರು ಮೂಟೆ ಅಡಿ ಹುಡುಕ್ತಾರೆ, ಅಲ್ಲಿ ಏನೂ ಇರಲ್ಲ.

ಇದಕ್ಕೆ ನನಗೆ ಹೊಳೆದ ಪದ ಕಳ್ಳನಾಟ. ನಾಟ ಅಂದ್ರೆ ಕಡಿದ ಮರಮಟ್ಟು. ನಮ್ಮ ಮಲೆನಾಡ ಕಡೆ ಇದು ದಿನಾ ಆಡೋ ಮಾತು, ಇಲಾಖೆಯವರ ಬೋರ್ಡಲ್ಲೂ ‘ನಾಟಾ ಸಂಗ್ರಹಾಲಯ’ ಅಂತಾನೇ ಇರುತ್ತೆ. ಕನ್ನಡದಲ್ಲಿ ಕಳ್ಳ ಅನ್ನೋದು ಎರಡು ಥರ ಅಂಟಿಕೊಳ್ಳುತ್ತೆ ನೋಡಿ. ಕಳ್ಳಸಾಗಣೆ, ಕಳ್ಳಬೇಟೆ ಇವುಗಳಲ್ಲಿ ಅದು ಕೆಲಸಕ್ಕೆ ಅಂಟಿದೆ, ಕಳ್ಳಮಾಲು, ಕಳ್ಳನಾಟ ಅಂದಾಗ ವಸ್ತುವಿಗೇ ಅಂಟಿದೆ. ಅಮೆರಿಕದವರ ಲೇಸಿ ಕಾಯ್ದೆ ನಿಂತಿರೋದು ಈ ಎರಡನೇ ಥರದ ಮೇಲೆ. 1900ರಲ್ಲಿ ಬಂದಾಗ ಅದು ಮುಖ್ಯವಾಗಿ ಬೇಟೆ ಪ್ರಾಣಿ ಪಕ್ಷಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಕಾನೂನು, ಮರಮಟ್ಟು ಪೂರ್ತಿಯಾಗಿ ಅದರೊಳಗೆ ಬಂದಿದ್ದು 2008ರ ತಿದ್ದುಪಡಿಲಿ. ಅದು ಹೇಳೋದಿಷ್ಟು: ಮರ ಯಾವ ದೇಶದಲ್ಲಿ ಬೆಳೀತೋ ಅಲ್ಲಿನ ಕಾನೂನು ಮುರಿದು ಕಡಿದಿದ್ದರೆ ಅಥವಾ ಹೊರಗೆ ಕಳಿಸಿದ್ದರೆ ಆ ದೋಷ ಮರದ ಜೊತೆಗೇ ಬರುತ್ತೆ, ನಡುವೆ ಎಷ್ಟು ಕೈ ಬದಲಾದ್ರೂ, ದಿಮ್ಮಿ ಹೋಗಿ ಹಲಗೆ ಆದ್ರೂ ಹಲಗೆ ಹೋಗಿ ಕುರ್ಚಿ ಆದ್ರೂ. ಕಳ್ಳನಾಟ ಯಾರ ಅಟ್ಟದ ಮೇಲಿದ್ರೂ ಕಳ್ಳನಾಟಾನೇ ಅಂತ ನಮ್ಮೂರಲ್ಲಿ ಹೇಳೋದಕ್ಕೂ ಇದಕ್ಕೂ ಏನು ವ್ಯತ್ಯಾಸ?

ತೊಂದರೆ ಏನಂದ್ರೆ ಬಯಲುಸೀಮೆ ಕಡೆಯವರಿಗೆ ನಾಟ ಅನ್ನೋದು ಅಷ್ಟಾಗಿ ಬಳಕೆ ಇಲ್ಲ. ಒಬ್ಬ ಸ್ನೇಹಿತರಿಗೆ ಕರಡು ಕಳಿಸಿದ್ರೆ ‘ಕಳ್ಳ ನಾಟಕ’ ಅನ್ನೋಕೆ ಹೋಗಿ ಟೈಪಿಂಗ್ ತಪ್ಪಾಗಿದೆ ಅಂತ ತಿದ್ದಿ ವಾಪಸ್ ಕಳಿಸಿದ್ರು. ‘ಕಳ್ಳಮರ’ ಅಂದ್ರೆ ಮರಾನೇ ಕಳ್ಳತನ ಮಾಡಿದ ಹಾಗಿದೆ, ‘ಅಕ್ರಮ ಮರ’ ಸಪ್ಪೆ, ‘ಅಕ್ರಮ ನಾಟಾ’ ಇಲಾಖೆ ಪ್ರಕಟಣೆ ಥರ. ನನ್ನ ಓಟು ಈಗಲೂ ಕಳ್ಳನಾಟಕ್ಕೇ, ಮೊದಲ ಸಲ ಬಂದಾಗ ಒಂದು ಸಾಲು ಬಿಡಿಸಿ ಹೇಳಿದ್ರೆ ಸಾಕು ಅನ್ಸುತ್ತೆ. ಕರಾವಳಿ ಕಡೆಯವರು, ಕಲಬುರಗಿ ಬೀದರ್ ಕಡೆಯವರು ಇದಕ್ಕೆ ಏನಂತೀರಿ ತಿಳಿಸಿ.

ಎರಡನೇದು ‘ಡ್ಯೂ ಕೇರ್’. ಈ ಕಾಯ್ದೆ ಪ್ರಕಾರ ಗೊತ್ತಿದ್ದೂ ಕಳ್ಳನಾಟ ತರಿಸಿದ್ರೆ 5 ವರ್ಷದವರೆಗೆ ಜೈಲು, ಗೊತ್ತಿರಲಿಲ್ಲ ಆದ್ರೆ ಸರಿಯಾಗಿ ವಿಚಾರಿಸಿದ್ರೆ ಗೊತ್ತಾಗ್ತಿತ್ತು ಅನ್ನೋ ಹಾಗಿದ್ರೆ 1 ವರ್ಷದವರೆಗೆ. ಈ ಎರಡನೇ ದರ್ಜೆಗೆ ‘ಯುಕ್ತ ಜಾಗರೂಕತೆ’, ‘ಸೂಕ್ತ ಎಚ್ಚರಿಕೆ’ ಅಂತ ಹಾಕಿ ನೋಡಿದೆ, ಎರಡೂ ಬಸ್ಸಿನ ಹಿಂದೆ ಬರೆಯೋ ಥರ ಇವೆ. ಇಲ್ಲಿ ಕೇಳ್ತಿರೋದು ಹುಷಾರಾಗಿರೋದನ್ನಲ್ಲ, ಕೊಳ್ಳೋ ಮುಂಚೆ ಮಾಲಿನ ಹಿಂದುಮುಂದು ನೋಡೋದನ್ನ. ಅದಕ್ಕೆ ನಮ್ಮಲ್ಲಿ ಪೂರ್ವಾಪರ ವಿಚಾರಿಸೋದು ಅಂತ ಚೊಕ್ಕವಾದ ಮಾತಿದೆ, ಗಂಡು ನೋಡುವಾಗ ಬಳಸ್ತೀವಿ, ಜಮೀನು ಕೊಳ್ಳುವಾಗ ಬಳಸ್ತೀವಿ, ಮರಕ್ಕೆ ಯಾಕಾಗಬಾರದು? ‘ಪೂರ್ವಾಪರ ವಿಚಾರಿಸದೆ ಕೊಂಡ ತಪ್ಪು’ ಅಂದ್ರೆ ಯಾರಿಗಾದ್ರೂ ತಿಳಿಯುತ್ತೆ. ಹಳೇ ಕಚೇರಿ ಕನ್ನಡದ ಪರಾಂಬರಿಸು ಇನ್ನೂ ಚೆನ್ನಾಗಿ ಒಪ್ಪುತ್ತೆ, ಆದ್ರೆ ಈಗ ಯಾರು ಹಾಗಂತಾರೆ. ಎಷ್ಟು ವಿಚಾರಿಸಬೇಕು ಅನ್ನೋದು ಆಳಿನ ಮೇಲೆ ಹೋಗುತ್ತೆ, ಅಂಗಡಿಲಿ ಒಂದು ಸ್ಟೂಲ್ ಕೊಂಡವರಿಗೂ ವರ್ಷವಿಡೀ ಕಂಟೇನರ್ ತರಿಸೋರಿಗೂ ಒಂದೇ ಅಳತೆ ಇಲ್ಲ. ಲಂಬರ್ ಲಿಕ್ವಿಡೇಟರ್ಸ್‌ನವರ ಹತ್ತಿರ ರಷ್ಯಾದ ಒಂದು ಪರ್ಮಿಟ್ ಇತ್ತು, ಅದನ್ನ ತೋರಿಸಿ ತಂದ ಓಕ್ ಮರದ ಪ್ರಮಾಣ ಆ ಜಾಗದಲ್ಲಿ ಕಡಿಯೋಕೆ ಇದ್ದ ಮಿತಿಗಿಂತ ಶೇ 800ಕ್ಕೂ ಹೆಚ್ಚಿತ್ತು. ಕೂಡಿ ಕಳೆದು ನೋಡಿದ್ರೆ ಗೊತ್ತಾಗೋ ವಿಷಯ. ಇಂಥದಕ್ಕೆ ‘ಜಾಗರೂಕತೆಯ ಕೊರತೆ’ ಅನ್ನೋದು ತೀರಾ ಮೆತ್ತಗಾಯ್ತು.

ಈಗ ನಿಜವಾಗಿ ತಲೆ ಕೆಡಿಸಿರೋದಕ್ಕೆ ಬರ್ತೀನಿ, ಇದು ನಮ್ಮ ಬೀಟೆ ಮರದ, ಅಂದ್ರೆ ರೋಸ್‌ವುಡ್ಡಿನ ವಿಷಯ ಕೂಡ. ಅಮೆರಿಕದ ಗಿಬ್ಸನ್ ಗಿಟಾರ್ ಕಂಪನಿ ಮೇಲೆ ಎರಡು ಸಲ ದಾಳಿ ಆಗಿತ್ತು. 2009ರಲ್ಲಿ ಆಗಿದ್ದು ಮಡಗಾಸ್ಕರ್‌ನ ಎಬೊನಿಗೆ, ಅಂದ್ರೆ ಕರಿಮರಕ್ಕೆ, ಆಗಸ್ಟ್ 2011ರಲ್ಲಿ ಆಗಿದ್ದು ಇಂಡಿಯಾದಿಂದ ಹೋದ ಬೀಟೆ ಮತ್ತು ಕರಿಮರಕ್ಕೆ. ಗಿಟಾರಿನ ಕುತ್ತಿಗೆ ಮೇಲೆ ಅಂಟಿಸೋ ಒಂದು ಪಟ್ಟಿ ಇರುತ್ತಲ್ಲ, ಬೆರಳು ಒತ್ತೋದು ಅದರ ಮೇಲೆ, ಲೋಹದ ಕಡ್ಡಿ ಕೂರಿಸೋದೂ ಅದರಲ್ಲೇ. ವೀಣೆಲಿ ನಾವು ಮೆಟ್ಟಿಲು ಅಂತೀವಲ್ಲ, ಆ ಲೆಕ್ಕದಲ್ಲಿ ಇದನ್ನ ‘ಮೆಟ್ಟಿಲು ಹಲಗೆ’ ಅಂತ ಇಟ್ಕೊಂಡಿದ್ದೀನಿ, ‘ಬೆರಳುಹಲಗೆ’ ಅಂದ್ರೆ ಯಾಕೋ ಆಸ್ಪತ್ರೆಲಿ ಮುರಿದ ಬೆರಳಿಗೆ ಕಟ್ಟೋ ದಬ್ಬೆ ನೆನಪಾಗುತ್ತೆ. ಇಂಡಿಯಾದಿಂದ ಹೋಗಿದ್ದು ಇನ್ನೂ ಗೀರು ಕೊಯ್ಯದ, ಕಡ್ಡಿ ಕೂರಿಸದ ಬರೀ ಪಟ್ಟಿಗಳು, ದಪ್ಪ ಸುಮಾರು 10 ಮಿಲಿಮೀಟರ್.

ಸುಂಕದವರ ಪುಸ್ತಕದಲ್ಲಿ ಮರಕ್ಕೆ ಬೇರೆ ಬೇರೆ ನಂಬರ್ ಇವೆ. 4407 ಅಂದ್ರೆ ಕೊಯ್ದ ಮರ, 6 ಮಿಲಿಮೀಟರ್‌ಗಿಂತ ದಪ್ಪ. 4408 ಅಂದ್ರೆ ವಿನೀರು (ಪ್ಲೈವುಡ್ಡಿಗೆ ಬಳಸೋ ಮರದ ತೆಳು ಪದರ), ಮತ್ತೆ 6 ಮಿಲಿಮೀಟರ್ ಮೀರದ ತೆಳು ಮರ. 9209 ಅಂದ್ರೆ ವಾದ್ಯಗಳ ಬಿಡಿಭಾಗ. ಇಂಡಿಯಾದ ಆಗಿನ ರಫ್ತು ನೀತಿ ಪ್ರಕಾರ 4407 ಹೊರಗೆ ಕಳಿಸೋ ಹಾಗಿರಲಿಲ್ಲ, 4408 ಕಳಿಸಬಹುದಿತ್ತು, ಇದು ಅಮೆರಿಕದ ಅಧಿಕಾರಿಗಳ ವಾದ. ಅವರು ಹೇಳಿದ್ದು, ಬಂದಿರೋದು ಕೊಯ್ದ ಮರ, ಕಾಗದದಲ್ಲಿ ವಿನೀರು ಅಂತ ಬರೆದಿದೆ, ಆದ್ದರಿಂದ ಇಂಡಿಯಾದ ಕಾನೂನು ಮುರಿದಿದೆ, ಆದ್ದರಿಂದ ಕಳ್ಳನಾಟ. ಕಂಪನಿ ಕಡೆಯವರು ಇದು ವಾದ್ಯದ ಭಾಗ, ಕಚ್ಚಾ ಮರಾನೇ ಅಲ್ಲ ಅಂತ ನಿಂತ್ರು. ಒಂದೇ ಪಟ್ಟಿ, ಮೂರು ಹೆಸರು. ಯಾವ ಹೆಸರು ಅಂಟುತ್ತೆ ಅನ್ನೋದರ ಮೇಲೆ ಅಪರಾಧ ಇದೆಯೋ ಇಲ್ಲವೋ ನಿರ್ಧಾರ.

ಇದನ್ನ ಕನ್ನಡದಲ್ಲಿ ಹೇಳೋಕೆ ಹೋದ್ರೆ ಮೂರಕ್ಕೂ ‘ಹಲಗೆ’ ಅಂತಾನೇ ಬರ್ತಿದೆ! ನಮ್ಮ ಬಡಗಿಗಳು ಮರ ‘ಕೊಯ್ಸೋದು’ ಅಂತಾರೆ ಸಾಮಿಲ್ಲಿಗೆ ಹೋದಾಗ, ‘ಸೀಳೋದು’ ಸೌದೆಗೆ, ಹಾಗಾಗಿ 4407ಕ್ಕೆ ‘ಕೊಯ್ದ ಮರ’ ಸರಿ, ಪತ್ರಿಕೆಲಿ ಬರೋ ‘ಸೀಳಿದ ಮರ’ ತಪ್ಪು ಅಂತ ನನ್ನ ಅಭಿಪ್ರಾಯ, ಗರಗಸಕ್ಕೂ ಕೊಡಲಿಗೂ ಅಷ್ಟು ವ್ಯತ್ಯಾಸ ಇರಲಿ. ವಿನೀರಿಗೆ ಪ್ಲೈವುಡ್ ಅಂಗಡಿಲಿ ಕೇಳಿದ್ರೆ ವಿನೀರೇ ಅಂತಾರೆ, ಗಿರಾಕಿಗಳು ಕೆಲವರು ಅದನ್ನೂ ಮೈಕಾ ಅಂತಾರೆ, ಮೈಕಾ ಬೇರೆ. ದಿಮ್ಮಿನ ತಿರುಗಿಸ್ತಾ ಅಲಗು ಕೊಟ್ಟು ಸುರುಳಿ ಸುರುಳಿಯಾಗಿ ಸುಲಿದು ತೆಗೆಯೋದು ಅದು ಹೆಚ್ಚಾಗಿ, ಹಾಗಾಗಿ ‘ಮರದ ಹಾಳೆ’ ಅಥವಾ ‘ಸುಲಿಹಾಳೆ’ ಅನ್ನಬಹುದಾ? ಹಾಳೆ ಅಂದ್ರೆ ಅಡಿಕೆ ಹಾಳೆ ನೆನಪಾಗುತ್ತೆ ಅಂತ ಒಂದು ಅಳುಕು, ಅದೂ ಮರದಿಂದಲೇ ಬೀಳೋದು ಬೇರೆ. ದಾಂಡೇಲಿ ಕಡೆ ಪ್ಲೈವುಡ್ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡಿದವರ ಮನೆಯವರು ಯಾರಾದ್ರೂ ಇಲ್ಲಿದ್ರೆ ಒಳಗೆ ಏನಂತಿದ್ರು ಕೇಳಿ ಹೇಳಿ, ಕೆಲಸಗಾರರು ಖಂಡಿತ ಏನೋ ಒಂದು ಹೆಸರು ಇಟ್ಟಿರ್ತಾರೆ.

ಕೇಸಿನ ಕೊನೆ ಕೂಡ ಪದಗಳ ವಿಷಯದಲ್ಲಿ ಜಾರುತ್ತೆ. ಆಗಸ್ಟ್ 2012ರಲ್ಲಿ ಗಿಬ್ಸನ್‌ನವರು ಸರ್ಕಾರದ ಜೊತೆ ಒಪ್ಪಂದ ಮಾಡ್ಕೊಂಡ್ರು. 3 ಲಕ್ಷ ಡಾಲರ್ ದಂಡ, ವನ್ಯಜೀವಿ ಪ್ರತಿಷ್ಠಾನಕ್ಕೆ 50 ಸಾವಿರ ಡಾಲರ್, ಜೊತೆಗೆ 2,61,844 ಡಾಲರ್ ಬೆಲೆಯ ಮಡಗಾಸ್ಕರ್ ಕರಿಮರದ ಮೇಲಿನ ಹಕ್ಕು ಬಿಟ್ಟುಕೊಟ್ಟದ್ದು. ಮಡಗಾಸ್ಕರ್ ವಿಷಯದಲ್ಲಿ ಅವರಿಗೆ ತಪ್ಪಿಸಿಕೊಳ್ಳೋಕೆ ಜಾಗ ಇರಲಿಲ್ಲ, ಕಂಪನಿಯ ಒಬ್ಬ ನೌಕರ 2008ರಲ್ಲಿ ಅಲ್ಲಿಗೇ ಹೋಗಿ ಇಂಥ ಪಟ್ಟಿಗಳನ್ನ ಅಲ್ಲಿನ ಕಾನೂನು ಅರೆಕೆಲಸದ ಮಾಲು ಅಂತ ಲೆಕ್ಕ ಹಿಡಿಯುತ್ತೆ, ಹೊರಗೆ ಕಳಿಸೋಕಾಗಲ್ಲ ಅಂತ ತಿಳ್ಕೊಂಡು ಬಂದು ಮೇಲಿನವರಿಗೆ ಹೇಳಿದ್ದ, ಆಮೇಲೂ ಮಾಲು ಬರ್ತಾನೇ ಇತ್ತು. ಆದ್ರೆ ಇಂಡಿಯಾದ ಬೀಟೆ ವಾಪಸ್ ಸಿಕ್ಕಿತು, ಯಾಕಂದ್ರೆ ಇಂಡಿಯಾದ ನೀತಿ ಪ್ರಕಾರ ಆ ಪಟ್ಟಿ ಯಾವ ನಂಬರಿಗೆ ಸೇರುತ್ತೆ ಅನ್ನೋದೇ ಗೊಂದಲವಾಗಿದೆ ಅಂತ ಒಪ್ಪಂದದಲ್ಲೇ ಬರೆದ್ರು. ಅಂದ್ರೆ ಎರಡೂ ಮರ ಜಪ್ತಿ ಆಗಿದ್ದವು, ಮುಟ್ಟುಗೋಲಾಗಿದ್ದು ಒಂದೇ. ಪತ್ರಿಕೆಗಳಲ್ಲಿ ಈ ಎರಡನ್ನ ಅದಲು ಬದಲು ಬಳಸ್ತಾರೆ, ಇಲ್ಲಿ ಹಾಗೆ ಮಾಡೋಕಾಗಲ್ಲ: ಜಪ್ತಿ ಅಂದ್ರೆ ಸದ್ಯಕ್ಕೆ ಹಿಡಿದಿಟ್ಕೊಳ್ಳೋದು, ಮುಟ್ಟುಗೋಲು ಅಂದ್ರೆ ಮಾಲು ಸರ್ಕಾರದ್ದಾಗಿ ಹೋಗೋದು.

ಅದೇ ಥರ ‘ಗಿಬ್ಸನ್‌ಗೆ ಶಿಕ್ಷೆ’ ಅನ್ನೋದೂ ಆಗಲ್ಲ. ಒಪ್ಪಂದದ ಷರತ್ತು ಪಾಲಿಸಿದ್ರೆ ಕೇಸು ಹೂಡಲ್ಲ ಅಂತ ಸರ್ಕಾರ ಒಪ್ಪಿದ್ದು. ಪ್ರಾಸಿಕ್ಯೂಷನ್‌ಗೆ ನಮ್ಮ ಸರ್ಕಾರಿ ಪದ ಅಭಿಯೋಜನೆ, ಆ ಹೆಸರಿನ ಇಲಾಖೇನೇ ಇದೆ, ಆದ್ರೂ ಓದೋರಿಗೆ ಅದು ಯೋಜನೆ ಅಂತಾನೇ ಕೇಳಿಸುತ್ತೆ, ಗ್ಯಾರಂಟಿ ಯೋಜನೆ ಥರ. ಉತ್ತರ ಕರ್ನಾಟಕದ ‘ಖಟ್ಲೆ ಹೂಡೋದು’ ನನಗೆ ತುಂಬಾ ಇಷ್ಟ. ‘ಖಟ್ಲೆ ಹೂಡದೆ ದಂಡ ಕಟ್ಟಿಸಿಕೊಂಡು ಬಿಟ್ಟರು’ ಅಂತ ಬರೆದಿದ್ದೀನಿ, ದಕ್ಷಿಣದವರು ಮೂಗು ಮುರಿಯಲ್ಲ ಅಂದ್ಕೊಂಡಿದ್ದೀನಿ.

ಕೊನೇದಾಗಿ ಮರಗಳ ಹೆಸರು. ರೋಸ್‌ವುಡ್ ಅಂದ್ರೆ ‘ಗುಲಾಬಿ ಮರ’ ಅಂತ ಬರೆದದ್ದನ್ನ ನೋಡಿದ್ದೀನಿ, ಅದನ್ನ ಬಿಡಿ. ಬೀಟೆ ಅಂದ್ರೆ ಕೊಡಗು, ಚಿಕ್ಕಮಗಳೂರು ಕಡೆಯ ನಮ್ಮ ಮರ, ಮಲಯಾಳದಲ್ಲಿ ಈಟ್ಟಿ, ವೀಟ್ಟಿ ಅಂತಾರಲ್ಲ ಅದೇ. ಬ್ರೆಜಿಲ್‌ನ ರೋಸ್‌ವುಡ್ ಅದೇ ಕುಲದ ಬೇರೆ ಮರ, 1992ರಿಂದಾನೇ ಸೈಟಿಸ್ ಒಪ್ಪಂದದ (ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದ) ಒಂದನೇ ಪಟ್ಟಿಲಿದೆ, ಅಂದ್ರೆ ತೀರಾ ಬಿಗಿಯಾದ ಪಟ್ಟಿಲಿ. ಉಳಿದ ಇಡೀ ಡಾಲ್ಬರ್ಜಿಯಾ ಕುಲ, ಬೀಟೆನೂ ಸೇರಿ, ಜನವರಿ 2017ರಿಂದ ಎರಡನೇ ಪಟ್ಟಿಗೆ ಬಂತು. ಬ್ರೆಜಿಲ್‌ನದನ್ನ ‘ಬ್ರೆಜಿಲ್ ಬೀಟೆ’ ಅನ್ನಬಹುದಾ? ಸಾಮಾನ್ಯ ಬರಹದಲ್ಲಿ ನಡೆಯುತ್ತೆ, ಆದ್ರೆ ಮರದ ಹೆಸರು ತಪ್ಪಾಗಿ ಹೇಳಿದ್ದೇ ಅಪರಾಧ ಆಗಿರೋ ಕೇಸಿನ ಬಗ್ಗೆ ಬರೆಯುವಾಗ ನಾವೇ ಒಂದು ಮರದ ಹೆಸರನ್ನ ಇನ್ನೊಂದಕ್ಕೆ ಇಡೋದು ನನಗೆ ಸರಿಕಾಣ್ತಿಲ್ಲ. ಟಿಂಬರ್ ವ್ಯಾಪಾರದಲ್ಲಂತೂ ಇದು ಮಾಮೂಲಿ, ಬೆಂಗಳೂರಲ್ಲಿ ಬಾಗಿಲ ಚೌಕಟ್ಟಿಗೆ ‘ಆಫ್ರಿಕನ್ ಟೀಕ್’ ಅಂತ ಕೊಡೋದು ಎಷ್ಟೋ ಸಲ ತೇಗಾನೇ ಅಲ್ಲ. ಆ ಹೆಸರಲ್ಲಿ ಓಡಾಡೋ ಮರಗಳಲ್ಲಿ ಅಫ್ರೊರ್ಮೋಸಿಯಾ ಅನ್ನೋದೂ ಒಂದು, ಅದೂ ಸೈಟಿಸ್‌ನ ಎರಡನೇ ಪಟ್ಟಿಲಿರೋದು. ಹಾಗಾಗಿ ಸದ್ಯಕ್ಕೆ ಪರದೇಶದ ಮರಗಳಿಗೆಲ್ಲ ಅಲ್ಲಿನ ಹೆಸರನ್ನೇ ಕನ್ನಡ ಲಿಪಿಲಿ ಬರೆದು, ಶಾಸ್ತ್ರೀಯ ಹೆಸರನ್ನ ಪಕ್ಕದಲ್ಲಿ ಇಡ್ತಿದ್ದೀನಿ, ಬೀಟೆ ಅಂತ ಬರೆಯೋದು ಇಂಡಿಯಾದಿಂದ ಹೋದ ಮರಕ್ಕೆ ಮಾತ್ರ. ಕರಿಮರದ ವಿಷಯದಲ್ಲಿ ಈ ನಿಯಮ ನಾನೇ ಪಾಲಿಸಿಲ್ಲ, ಮೇಲೆ ಮಡಗಾಸ್ಕರ್‌ನದಕ್ಕೂ ಕರಿಮರ ಅಂತಾನೇ ಬರೆದಿದ್ದೀನಿ ನೋಡಿ. ಅದನ್ನ ಎಬೊನಿ ಅಂತ ಬದಲಾಯಿಸಬೇಕಾ, ಅಥವಾ ಕರಿಮರ ಅನ್ನೋದು ಒಂದೇ ಜಾತಿಯ ಹೆಸರಾಗಿ ಉಳಿದಿಲ್ಲ, ಕಪ್ಪು ತಿರುಳಿರೋ ಎಲ್ಲದಕ್ಕೂ ಸಲ್ಲುತ್ತೆ ಅಂತೀರಾ?